ಬಾಟಲಿಯೊಳಗಿನ ‘ಸ್ಟೆಮ್ ಸೆಲ್’: ಕೊಳ್ಳುವ ಮೊದಲು, ಹಚ್ಚುವ ಮೊದಲು

ಡಬ್ಬಿಯ ಮುಂದೆ ‘ಸ್ಟೆಮ್ ಸೆಲ್ ಸೀರಂ’ ಅಂತ ಹೊಳೆಯುವ ಅಕ್ಷರ. ಸ್ಟೆಮ್ ಸೆಲ್ ಅಂದರೆ ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶ. ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿಕೊಂಡು ಹಿಂದಿನ ಪಟ್ಟಿ ಓದಿದರೆ ಹದಿನೈದನೆಯದೋ ಹದಿನಾರನೆಯದೋ ಹೆಸರು: ‘ಮಾಲಸ್ ಡೊಮೆಸ್ಟಿಕಾ ಫ್ರೂಟ್ ಸೆಲ್ ಕಲ್ಚರ್ ಎಕ್ಸ್‌ಟ್ರಾಕ್ಟ್’. ಮಾಲಸ್ ಡೊಮೆಸ್ಟಿಕಾ ಅಂದರೆ ಸೇಬು. ಸೇಬಿನ ಜೀವಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸಿ, ಆಮೇಲೆ ಒಡೆದು ತೆಗೆದ ಸಾರ ಅದು. ಅದರಲ್ಲಿ ಜೀವಂತ ಕೋಶ ಒಂದೂ ಉಳಿದಿರುವುದಿಲ್ಲ. ಉಳಿದಿದ್ದರೂ ಸೇಬಿನ ಕೋಶ ನಮ್ಮ ಕೆನ್ನೆ ಮೇಲೆ ಕೂತು ಚರ್ಮ ಕಟ್ಟಿಕೊಡುವುದಿಲ್ಲ, ಅಲ್ವಾ?

ಸೇಬಿನ ಸಾರದಿಂದ ಚರ್ಮಕ್ಕೆ ಏನೂ ಪ್ರಯೋಜನ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೆಸರು ಕೇಳಿದಾಗ ಮನಸ್ಸಿಗೆ ಬರುವುದೊಂದು, ಒಳಗಿರುವುದು ಇನ್ನೊಂದು. ನನ್ನ ತಕರಾರು ಅಷ್ಟೇ. ‘ಗ್ರೋತ್ ಫ್ಯಾಕ್ಟರ್’ (ಕೋಶಗಳಿಗೆ ಬೆಳೆಯಲು ಹೇಳುವ ಪ್ರೋಟೀನು), ‘ಎಕ್ಸೋಸೋಮ್’ (ಕೋಶಗಳು ಹೊರಬಿಡುವ ಅತಿ ಪುಟ್ಟ ಚೀಲ), ‘ಬಯೋ ಎಂಜಿನಿಯರ್ಡ್ ಕೊಲಾಜೆನ್’ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನು, ಲ್ಯಾಬಿನಲ್ಲಿ ತಯಾರಿಸಿದ್ದು) ಇವೆಲ್ಲ ಟಿಶ್ಯೂ ಎಂಜಿನಿಯರಿಂಗ್ ಅನ್ನುವ ಗಟ್ಟಿ ವಿಜ್ಞಾನದಿಂದ ಎರವಲು ಬಂದ ಪದಗಳು. ಆ ವಿಜ್ಞಾನ ಎಲ್ಲಿಗೆ ಮುಗಿಯಿತು, ಜಾಹೀರಾತು ಎಲ್ಲಿಂದ ಶುರುವಾಯಿತು ಅಂತ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಸುಮಾರಾಗಿ ಪತ್ತೆ ಮಾಡಬಹುದು. ಹೇಗೆ ಅಂತ ನೋಡೋಣ.

ಹೆಜ್ಜೆ 1: ಆಸ್ಪತ್ರೆಯ ಚರ್ಮ, ಲ್ಯಾಬಿನ ಚರ್ಮ, ಬಾಟಲಿ. ಮೂರನ್ನೂ ಬೇರೆ ಮಾಡಿಕೊಳ್ಳಿ

ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸಿ ಅಂಗಾಂಶ ಕಟ್ಟುವುದೇ ಟಿಶ್ಯೂ ಎಂಜಿನಿಯರಿಂಗ್. ಬಳ್ಳಿಗೆ ಚಪ್ಪರ ಹಾಕಿದ ಹಾಗೆ, ಕೆಲವೊಮ್ಮೆ ಕೋಶಗಳಿಗೂ ಒಂದು ಹಂದರ ಕೊಡುತ್ತಾರೆ.

ಚರ್ಮದ ಮಟ್ಟಿಗೆ ದೊಡ್ಡ ತಿರುವು ಬಂದದ್ದು 1975ರಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಹೊವಾರ್ಡ್ ಗ್ರೀನ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ರೈನ್‌ವಾಲ್ಡ್ ಇಲಿಯ ಗೆಡ್ಡೆಯೊಂದರ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದರು. ಚರ್ಮ ಬೆಳೆಸಬೇಕು ಅಂತ ಹೊರಟವರಲ್ಲ. ಆದರೆ ಆ ತಟ್ಟೆಯಲ್ಲಿ ಹೊರಚರ್ಮದ ಕೋಶಗಳು ಗುಂಪು ಕಟ್ಟಿಕೊಂಡು ಬೆಳೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. ವಿಕಿರಣ ಹಾಯಿಸಿ ಬೆಳವಣಿಗೆ ನಿಲ್ಲಿಸಿದ ಇಲಿಯ ಕೋಶಗಳನ್ನು ಕೆಳಗೆ ಹಾಸಿಗೆಯಂತೆ ಹರಡಿದರೆ, ಅದರ ಮೇಲೆ ಮನುಷ್ಯರ ಚರ್ಮದ ಕೋಶಗಳೂ ಪೀಳಿಗೆ ಮೇಲೆ ಪೀಳಿಗೆ ಹೆಚ್ಚುತ್ತವೆ ಅಂತ ಅವರು ತೋರಿಸಿಕೊಟ್ಟರು.

1983ರಲ್ಲಿ ಅದೇ ವಿದ್ಯೆ ಇಬ್ಬರು ಪುಟ್ಟ ಅಣ್ಣತಮ್ಮಂದಿರ ಜೀವ ಉಳಿಸಿತು. ಅವರ ಮೈಯ 95%ಗಿಂತ ಹೆಚ್ಚು ಸುಟ್ಟಿತ್ತು. ಉಳಿದಿದ್ದ ಚೂರು ಚರ್ಮದಿಂದ ಹಾಳೆ ಹಾಳೆಯಾಗಿ ಚರ್ಮ ಬೆಳೆಸಿ ಹೊದಿಸಿದರು. ಇನ್ನೂ ಮುಂದಿನ ಮಾತು: 2015ರಲ್ಲಿ ಜರ್ಮನಿಯ ಬೋಹುಮ್‌ನಲ್ಲಿ ಒಬ್ಬ ಏಳು ವರ್ಷದ ಹುಡುಗ, ಮುಟ್ಟಿದರೆ ಚರ್ಮ ಕಿತ್ತು ಬರುವ ಹುಟ್ಟುಕಾಯಿಲೆಯಿಂದ ಸಾವಿನ ಅಂಚಿನಲ್ಲಿದ್ದ. ಇಟಲಿಯ ಮೊಡೆನಾದ ಮಿಕೆಲೆ ಡೆ ಲೂಕಾ ಅವರ ತಂಡ ಅವನದೇ ಕೋಶಗಳಲ್ಲಿ ಕೆಟ್ಟ ಜೀನ್‌ಗೆ ಬದಲಾಗಿ ಸರಿಯಾದದ್ದನ್ನು ಸೇರಿಸಿ, ಬೆಳೆಸಿ, ಮೈಯ ಸುಮಾರು 80% ಹೊರಚರ್ಮವನ್ನೇ ಹೊಸದಾಗಿ ಕೊಟ್ಟಿತು.

ಇದು ಆಸ್ಪತ್ರೆಯ ಚರ್ಮ. ಜೀವಂತ ಕೋಶ, ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಐಸಿಯು. ಇಷ್ಟೆಲ್ಲ ಆದರೂ ಹೀಗೆ ಬೆಳೆಸಿದ ಹೊರಚರ್ಮದ ಹಾಳೆಯಲ್ಲಿ ಬೆವರು ಗ್ರಂಥಿ ಇರುವುದಿಲ್ಲ, ಕೂದಲಿನ ಬುಡ ಇರುವುದಿಲ್ಲ. ‘ರಾತ್ರಿ ಹಚ್ಚಿ ಮಲಗಿ, ಬೆಳಗ್ಗೆ ಹೊಸ ಚರ್ಮ’ ಅನ್ನುವ ಸಾಲು ಓದಿದಾಗ ಇದನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಎರಡನೆಯದು ಲ್ಯಾಬಿನ ಚರ್ಮ. ಅದನ್ನು ಯಾರ ಮೈಗೂ ಹೊದಿಸುವುದಿಲ್ಲ, ಅದರ ಮೇಲೆ ಕ್ರೀಮು ಪರೀಕ್ಷೆ ಮಾಡುತ್ತಾರೆ. ಸೌಂದರ್ಯವರ್ಧಕಗಳ ಲೋಕಕ್ಕೆ ಟಿಶ್ಯೂ ಎಂಜಿನಿಯರಿಂಗ್ ಕೊಟ್ಟ ಅಸಲಿ ಕೊಡುಗೆ ಇದೇ ಅಂತ ನನ್ನ ಅಭಿಪ್ರಾಯ. ಹೆಜ್ಜೆ 4ರಲ್ಲಿ ಅದರ ಹತ್ತಿರ ಹೋಗೋಣ.

ಮೂರನೆಯದು ಬಾಟಲಿ. ಅದರಲ್ಲಿ ಜೀವಂತ ಅಂಗಾಂಶ ಇರುವುದಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಬಾತ್‌ರೂಮಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವ, ಪ್ರಿಸರ್ವೇಟಿವ್ ಹಾಕಿದ ದ್ರವದಲ್ಲಿ ಯಾವ ಕೋಶ ತಾನೇ ಬದುಕೀತು? ಹೆಚ್ಚೆಂದರೆ ಕೋಶಗಳು ಬೆಳೆದ ದ್ರವದ ಸೋಸಿದ ಭಾಗ ಇರಬಹುದು. ಇಲ್ಲವೇ ಕೋಶಗಳು ಮಾಡುವ ಒಂದು ಪ್ರೋಟೀನಿನ ನಕಲು.

ಹೆಜ್ಜೆ 2: ಡಬ್ಬಿ ತಿರುಗಿಸಿ ಓದಿ

ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಮ್ಮಿ ಇರುವುದು ಆಮೇಲೆ. 1%ಗಿಂತ ಕಮ್ಮಿ ಇರುವವನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಯುರೋಪ್, ಅಮೆರಿಕ ಎರಡೂ ಕಡೆ ನಿಯಮ ಹೀಗೇ. ಫಿನಾಕ್ಸಿಎಥನಾಲ್ ಅನ್ನುವ ಪ್ರಿಸರ್ವೇಟಿವ್ ಸಾಮಾನ್ಯವಾಗಿ 1% ಅಥವಾ ಅದಕ್ಕಿಂತ ಕಮ್ಮಿ ಇರುತ್ತದೆ. ನಿಮ್ಮ ‘ಹೀರೋ’ ಪದಾರ್ಥ ಅದರ ನಂತರ ಬಂದಿದ್ದರೆ ಅದು ಚಿಟಿಕೆಯಷ್ಟೇ. ಕೆಲವು ಪ್ರೋಟೀನುಗಳು ಚಿಟಿಕೆಯಲ್ಲೂ ಕೆಲಸ ಮಾಡುವಂಥವು, ಹಾಗಾಗಿ ಇದೊಂದರಿಂದಲೇ ತೀರ್ಪು ಕೊಡಬೇಡಿ. ಅಂದಾಜಿಗೆ ಸಾಕು.

ಮುಂದೆ ಹೆಸರುಗಳು. ‘ಎಸ್‌ಎಚ್-ಆಲಿಗೋಪೆಪ್ಟೈಡ್-1’ ಅಂತ ಕಂಡರೆ ಅದು ಇಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್, ಹೊರಚರ್ಮದ ಕೋಶಗಳಿಗೆ ‘ಹೆಚ್ಚಿ’ ಅಂತ ಹೇಳುವ ಪ್ರೋಟೀನು. ಇದನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು, ರೀಟಾ ಲೆವಿ ಮೊಂಟಾಲ್ಚಿನಿ ಜೊತೆ. ಸೀರಮ್ಮಿನಲ್ಲಿರುವುದನ್ನು ಮನುಷ್ಯರಿಂದ ತೆಗೆದಿರುವುದಿಲ್ಲ. ಮನುಷ್ಯರ ಜೀನ್ ಹಾಕಿದ ಬ್ಯಾಕ್ಟೀರಿಯಾದಲ್ಲಿ, ಕೆಲವೊಮ್ಮೆ ಬಾರ್ಲಿ ಗಿಡದಲ್ಲಿ ತಯಾರಿಸುತ್ತಾರೆ. ‘ಎಸ್‌ಎಚ್’ ಅಂದರೆ ಮನುಷ್ಯರದರ ಕೃತಕ ನಕಲು ಅಂತ ಸೂಚನೆ.

‘ಹ್ಯೂಮನ್ ಫೈಬ್ರೋಬ್ಲಾಸ್ಟ್ ಕಂಡೀಶನ್ಡ್ ಮೀಡಿಯಾ’ ಬೇರೆ ಸಂಗತಿ. ಒಳಚರ್ಮದಲ್ಲಿ ಕೊಲಾಜೆನ್ ನೇಯುವ ಕೋಶಗಳಿಗೆ ಫೈಬ್ರೋಬ್ಲಾಸ್ಟ್ ಅನ್ನುತ್ತಾರೆ. ಮನುಷ್ಯರ ಫೈಬ್ರೋಬ್ಲಾಸ್ಟ್‌ಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಅವು ಹೊರಗೆ ಬಿಟ್ಟ ಪ್ರೋಟೀನುಗಳ ಸಮೇತ ಆ ದ್ರವವನ್ನು ಸೋಸಿ ಇಟ್ಟುಕೊಳ್ಳುತ್ತಾರೆ. ಟಿಶ್ಯೂ ಎಂಜಿನಿಯರಿಂಗ್‌ಗೆ ತೀರಾ ಹತ್ತಿರದ ಸಂಬಂಧ ಇರುವ ಬಾಟಲಿ ಅಂದರೆ ಇದೇ. ಅಮೆರಿಕದಲ್ಲಿ ಇದು ಮಾರಾಟದಲ್ಲಿದೆ. ಯುರೋಪಿನಲ್ಲಿ ಮನುಷ್ಯ ಮೂಲದ ಕೋಶ, ಅಂಗಾಂಶ, ಅವುಗಳಿಂದ ಬಂದದ್ದು ಯಾವುದನ್ನೂ ಸೌಂದರ್ಯವರ್ಧಕಕ್ಕೆ ಹಾಕುವಂತಿಲ್ಲ. ಒಂದೇ ವಸ್ತು, ಎರಡು ಕಡೆ ಎರಡು ನ್ಯಾಯ. ಆದ್ದರಿಂದ ‘ಅಲ್ಲಿ ಸಿಗುತ್ತದೆ, ಅಂದಮೇಲೆ ಸುರಕ್ಷಿತ’ ಅನ್ನುವ ವಾದ ನಿಲ್ಲುವುದಿಲ್ಲ. ‘ಅಲ್ಲಿ ನಿಷೇಧ, ಅಂದಮೇಲೆ ವಿಷ’ ಅನ್ನುವುದೂ ಅಷ್ಟೇ.

ಪಟ್ಟಿ ಓದಿದ ಮೇಲೆ ಡಬ್ಬಿಯ ಮುಂಭಾಗಕ್ಕೆ ವಾಪಸ್ ಬಂದು ಕ್ರಿಯಾಪದಗಳನ್ನು ಗಮನಿಸಿ. ‘ಸುಕ್ಕು ಹೋಗುತ್ತದೆ’ ಅಂತ ಬರೆದಿರುವುದಿಲ್ಲ, ‘ಸುಕ್ಕು ಕಮ್ಮಿಯಾದಂತೆ ಕಾಣುತ್ತದೆ’ ಅಂತ ಇರುತ್ತದೆ. ಇದಕ್ಕೆ ಕಾರಣ ಕಾನೂನು. ಅಮೆರಿಕದಲ್ಲಿ ದೇಹದ ರಚನೆಯನ್ನೇ ಬದಲಿಸುತ್ತೇನೆ ಅಂತ ಹೇಳಿಕೊಂಡರೆ ಅದು ಔಷಧಿ ಆಗಿಬಿಡುತ್ತದೆ, ಔಷಧಿಯಷ್ಟೇ ಪುರಾವೆ ಕೊಡಬೇಕು. ‘ಕಾಣುತ್ತದೆ’ ಅಂದುಬಿಟ್ಟರೆ ಬಚಾವ್.

ಹೆಜ್ಜೆ 3: ಒಳಗೆ ಹೋಗುತ್ತದಾ?

ಚರ್ಮದ ಕೆಲಸವೇ ಹೊರಗಿನದನ್ನು ಹೊರಗೇ ಇಡುವುದು. ಎಲ್ಲಕ್ಕಿಂತ ಮೇಲಿನ ಒಣ ಪದರ ಬಹುತೇಕ ಕಡೆ ಕೂದಲೆಳೆಗಿಂತ ತೆಳು, ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು. ಆದರೂ ಗಟ್ಟಿ ಗೋಡೆ. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ.

2000ದಲ್ಲಿ ಯಾನ್ ಬಾಸ್ ಮತ್ತು ಮಾರ್ಕಸ್ ಮೈನಾರ್ಡಿ ಎಂಬಿಬ್ಬರು ಒಂದು ಸರಳ ಅಳತೆ ಮುಂದಿಟ್ಟರು: ಅಣುವಿನ ತೂಕ 500 ಡಾಲ್ಟನ್ ದಾಟಿದರೆ ಆರೋಗ್ಯವಂತ ಚರ್ಮದ ಮೂಲಕ ಒಳಗೆ ನುಸುಳುವುದು ಕಷ್ಟ. ಒಂದು ಹೈಡ್ರೋಜನ್ ಪರಮಾಣುವಿನ ತೂಕ ಸುಮಾರು 1 ಡಾಲ್ಟನ್ ಅಂದುಕೊಳ್ಳಿ. ಈಗ ಲೆಕ್ಕ ನೋಡಿ. ನಿಯಾಸಿನಮೈಡ್ 122, ವಿಟಮಿನ್ ಸಿ 176, ರೆಟಿನಾಲ್ 286. ಇವು ತೂಕದ ಪರೀಕ್ಷೆಯಲ್ಲಿ ಪಾಸ್. ಇಜಿಎಫ್ ಸುಮಾರು 6,000. ಕೊಲಾಜೆನ್ ಸುಮಾರು 3 ಲಕ್ಷ!

ಕೊಲಾಜೆನ್ ಕ್ರೀಮು ಹಚ್ಚಿ ಒಳಗಿನ ಕೊಲಾಜೆನ್ ತುಂಬಿಸುವುದು ಸೂಜಿಯ ಕಣ್ಣಲ್ಲಿ ಹಗ್ಗ ತೂರಿಸಿದ ಹಾಗೆ. ಹಾಗಂತ ಅದು ದಂಡವೂ ಅಲ್ಲ. ಮೇಲೆ ಕೂತು ನೀರು ಹಿಡಿದಿಡುತ್ತದೆ, ಚರ್ಮ ನುಣುಪಾಗುತ್ತದೆ, ಸಣ್ಣ ಗೆರೆಗಳು ಸ್ವಲ್ಪ ಹೊತ್ತು ತುಂಬಿಕೊಂಡಂತೆ ಕಾಣುತ್ತವೆ. ಹಯಲುರಾನಿಕ್ ಆಸಿಡ್‌ದೂ ದೊಡ್ಡ ಅಣುವಾಗಿದ್ದರೆ ಇದೇ ಕತೆ. ಮಾಯಿಶ್ಚರೈಸರ್ ಅಂತ ತೆಗೆದುಕೊಂಡರೆ ಮೋಸವಿಲ್ಲ. ಆದರೆ ಮಾಯಿಶ್ಚರೈಸರಿಗೆ ಕೊಡುವಷ್ಟೇ ದುಡ್ಡು ಕೊಡಿ.

ಪೆಪ್ಟೈಡುಗಳದು ನಡುವಿನ ದಾರಿ. ಪ್ರೋಟೀನಿನ ಸಣ್ಣ ತುಂಡುಗಳವು. ತಾಮ್ರ ಸೇರಿಸಿ ಬಳಸುವ ಜಿಎಚ್‌ಕೆ ಪೆಪ್ಟೈಡ್ ಬರೀ 340. 1973ರಲ್ಲಿ ಲಾರೆನ್ ಪಿಕಾರ್ಟ್ ಇದನ್ನು ರಕ್ತದಲ್ಲಿ ಕಂಡುಹಿಡಿದರು. ತೂಕ ಕಮ್ಮಿ ಇದ್ದ ಮಾತ್ರಕ್ಕೆ ಸಲೀಸಾಗಿ ಒಳಗೆ ಹೋಗುತ್ತದೆ ಅಂತಲೂ ಅಲ್ಲ. ನೀರನ್ನು ಇಷ್ಟಪಡುವ ಅಣುವಿಗೆ ಕೊಬ್ಬಿನ ಗಾರೆ ದಾಟುವುದು ತ್ರಾಸ. ಅದಕ್ಕೇ ಕೆಲವು ಪೆಪ್ಟೈಡುಗಳಿಗೆ ಕೊಬ್ಬಿನ ಬಾಲ ಅಂಟಿಸುತ್ತಾರೆ. ಹೆಸರಿನ ಮುಂದೆ ‘ಪಾಮಿಟಾಯ್ಲ್’ ಅಂತ ಕಂಡರೆ ಆ ಬಾಲ ಇದೆ ಅಂತ ಅರ್ಥ.

ಹೆಜ್ಜೆ 4: ‘ಪರೀಕ್ಷಿಸಲಾಗಿದೆ’ ಅಂದರೆ ಯಾರ ಮೇಲೆ?

ಇಲ್ಲಿ ಸ್ವಲ್ಪ ನಿಲ್ಲೋಣ. ಲ್ಯಾಬಿನ ಚರ್ಮ ಹೇಗಿರುತ್ತದೆ ಅಂತ ಗೊತ್ತಿದ್ದರೆ ಅರ್ಧ ಜಾಹೀರಾತುಗಳ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಅಂಗಿಯ ಗುಂಡಿಯಷ್ಟು ಅಗಲದ ಒಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲು. ತಳದಲ್ಲಿ ಸಣ್ಣ ರಂಧ್ರಗಳ ಪೊರೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಚರ್ಮವನ್ನು ಒಪ್ಪಿಗೆ ಪಡೆದು ತಂದು, ಅದರಿಂದ ಬಿಡಿಸಿಕೊಂಡ ಹೊರಚರ್ಮದ ಕೋಶಗಳನ್ನು ಆ ಪೊರೆಯ ಮೇಲೆ ಬಿತ್ತುತ್ತಾರೆ. ಕೆಲವು ದಿನ ಪೋಷಕ ದ್ರವದಲ್ಲಿ ಮುಳುಗಿಸಿಡುತ್ತಾರೆ. ಆಮೇಲಿನದು ಚಂದ. ಮೇಲಿನ ದ್ರವ ತೆಗೆದು, ಕೋಶಗಳನ್ನು ಗಾಳಿಗೆ ಒಡ್ಡುತ್ತಾರೆ. ಊಟ ಕೆಳಗಿನಿಂದ, ಗಾಳಿ ಮೇಲಿನಿಂದ. ನಮ್ಮ ಮೈಮೇಲಿನ ಚರ್ಮ ಇರುವುದೂ ಹೀಗೇ ತಾನೇ? ಕೋಶಗಳಿಗೆ ಅದು ಗೊತ್ತಾಗಿಬಿಡುತ್ತದೆ. ಪದರ ಪದರವಾಗಿ ಮೇಲೇಳುತ್ತವೆ, ಮೇಲಿನವು ಚಪ್ಪಟೆಯಾಗಿ ಒಣಗುತ್ತವೆ. ಎರಡು ವಾರದ ಸುಮಾರಿಗೆ ತಟ್ಟೆಯಲ್ಲಿ ಒಂದು ಪುಟ್ಟ ಹೊರಚರ್ಮ ಸಿದ್ಧ. ಎಪಿಡರ್ಮ್, ಎಪಿಸ್ಕಿನ್, ಸ್ಕಿನ್‌ಎಥಿಕ್ ಎಂಬವು ಹೀಗೆ ಬೆಳೆಸಿ ಮಾರುವ ಹೆಸರಾಂತ ಮಾದರಿಗಳು.

ಪರೀಕ್ಷೆ ಹೀಗೆ: ಪದಾರ್ಥವನ್ನು ಮೇಲೆ ಹಾಕಿ, ಮಾದರಿಗೆ ತಕ್ಕಂತೆ ಕೆಲವು ನಿಮಿಷದಿಂದ ಒಂದು ಗಂಟೆ ಬಿಡುತ್ತಾರೆ. ಚೆನ್ನಾಗಿ ತೊಳೆದು 42 ಗಂಟೆ ಕಾಯುತ್ತಾರೆ. ಆಮೇಲೆ ಎಂಟಿಟಿ ಎಂಬ ಹಳದಿ ಬಣ್ಣದ ದ್ರಾವಣದಲ್ಲಿ ಇಡುತ್ತಾರೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತ ಕೋಶದಲ್ಲಿ ಬಣ್ಣ ತಿರುಗುವುದಿಲ್ಲ. ಏನೂ ಮಾಡದ ಬಟ್ಟಲಿನ ಚರ್ಮ ಕಡು ನೇರಳೆ. 5% ಎಸ್‌ಡಿಎಸ್ ಸೋಪಿನಂಶ ಹಾಕಿದ ಬಟ್ಟಲು ಬಿಳಿಚಿಕೊಂಡಿರುತ್ತದೆ. ನಮ್ಮ ಪದಾರ್ಥದ ಬಟ್ಟಲು ಇವೆರಡರ ನಡುವೆ ಎಲ್ಲಿ ನಿಂತಿದೆ ಅಂತ ಯಂತ್ರ ಅಳೆಯುತ್ತದೆ. ಬದುಕಿದ ಪ್ರಮಾಣ 50% ಅಥವಾ ಅದಕ್ಕೂ ಕೆಳಗಿದ್ದರೆ ‘ಉರಿ ತರುವಂಥದ್ದು’ ಅಂತ ಮುದ್ರೆ. ಹಲವು ದೇಶಗಳ ಕೂಟವಾದ ಒಇಸಿಡಿ 2010ರಲ್ಲಿ ಒಪ್ಪಿದ 439ನೇ ಮಾರ್ಗಸೂಚಿ ಇದೇ.

ಇದಕ್ಕೂ ಮುಂಚೆ ಈ ಕೆಲಸ ಮೊಲದ ಬೆನ್ನಿನ ಮೇಲೆ, ಮೊಲದ ಕಣ್ಣಿನಲ್ಲಿ ನಡೆಯುತ್ತಿತ್ತು. 1944ರಲ್ಲಿ ಬಂದ ಡ್ರೇಜ್ ಪರೀಕ್ಷೆ ಅದು. ಯುರೋಪ್ ಒಕ್ಕೂಟ 2013ರ ಮಾರ್ಚ್‌ನಿಂದ, ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟವನ್ನೇ ನಿಲ್ಲಿಸಿತು. ಅಷ್ಟು ಧೈರ್ಯ ಬಂದದ್ದು ಈ ಬಗೆಯ ಪರ್ಯಾಯಗಳು ಕೈಯಲ್ಲಿದ್ದುದರಿಂದ. ನೀವು ಯಾವತ್ತೂ ‘ಸ್ಟೆಮ್ ಸೆಲ್’ ಕ್ರೀಮು ಕೊಳ್ಳದಿದ್ದರೂ ಪರವಾಗಿಲ್ಲ. ನಿಮ್ಮ ಸಾದಾ ಕ್ರೀಮಿನ ಹಿಂದೆಯೂ ಟಿಶ್ಯೂ ಎಂಜಿನಿಯರಿಂಗ್ ಇದ್ದಿರಬಹುದು.

ಈಗ ಮಿತಿ. ಈ ಪುಟ್ಟ ಚರ್ಮದಲ್ಲಿ ರಕ್ತನಾಳ ಇಲ್ಲ, ನರ ಇಲ್ಲ, ರೋಗನಿರೋಧಕ ಕೋಶಗಳ ಪಡೆ ಇಲ್ಲ. ಆದ್ದರಿಂದ ಉರಿ ಗೊತ್ತಾಗುತ್ತದೆ, ಅಲರ್ಜಿ ಗೊತ್ತಾಗುವುದಿಲ್ಲ. ಅಲರ್ಜಿಗೆ ಬೇರೆ ಪರೀಕ್ಷೆಗಳಿವೆ. ಜೊತೆಗೆ, ಇದರ ಮೇಲ್ಪದರ ನಿಮ್ಮ ಚರ್ಮದಷ್ಟು ಬಿಗಿ ಅಲ್ಲ. ಇದರಲ್ಲಿ ಒಳಗಿಳಿದದ್ದು ನಿಮ್ಮಲ್ಲೂ ಅಷ್ಟೇ ಇಳಿಯುತ್ತದೆ ಅನ್ನುವ ಹಾಗಿಲ್ಲ.

ಈಗ ಜಾಹೀರಾತಿನ ಸಾಲು ಓದಿ. ‘ಕೊಲಾಜೆನ್ ಉತ್ಪತ್ತಿ ದುಪ್ಪಟ್ಟು’ ಅಂತ ಇದ್ದು, ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ ಇದ್ದರೆ, ಕೆಳಗೆ ಸಣ್ಣಕ್ಷರದಲ್ಲಿ ‘ಇನ್ ವಿಟ್ರೊ’ ಅಂತ ಇರುತ್ತದಾ ನೋಡಿ. ಅಂದರೆ ಪ್ರಯೋಗ ನಡೆದದ್ದು ತಟ್ಟೆಯಲ್ಲಿ. ಅದೂ ಬರೀ ಫೈಬ್ರೋಬ್ಲಾಸ್ಟ್ ಕೋಶಗಳಾಗಿದ್ದರೆ, ಮೇಲೆ ಗೋಡೆಯೇ ಇಲ್ಲ. ಪದಾರ್ಥವನ್ನು ನೇರವಾಗಿ ಕೋಶದ ಬಾಯಿಗೇ ಹಾಕಿದ ಹಾಗೆ.

ಮನುಷ್ಯರ ಮೇಲೆ ನೋಡಿದ್ದೇವೆ ಅಂದರೆ ಮೂರು ಪ್ರಶ್ನೆ ಕೇಳಿ. ಎಷ್ಟು ಜನ? ಎಷ್ಟು ವಾರ? ಯಾವುದಕ್ಕೆ ಹೋಲಿಸಿ? ಕೊನೆಯದೇ ಮುಖ್ಯ. ಯಾವ ಮಾಯಿಶ್ಚರೈಸರ್ ಹಚ್ಚಿದರೂ ಒಣ ಮುಖ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತದೆ. ಅದೇ ಕ್ರೀಮನ್ನು, ಆ ‘ಹೀರೋ’ ಒಂದನ್ನು ಮಾತ್ರ ತೆಗೆದು, ಮುಖದ ಇನ್ನೊಂದು ಅರ್ಧಕ್ಕೆ ಹಚ್ಚಿ ನೋಡಿದ್ದಾರಾ? ‘ಹತ್ತರಲ್ಲಿ ಒಂಬತ್ತು ಜನ ಒಪ್ಪಿದರು’ ಅನ್ನುವುದು ಅಳತೆಯಲ್ಲ, ಅಭಿಪ್ರಾಯ ಸಂಗ್ರಹ.

ಹೆಜ್ಜೆ 5: ಮೊದಲು ಮೊಣಕೈಗೆ, ಆಮೇಲೆ ಮುಖಕ್ಕೆ

ಹಿಂದಿನ ಹೆಜ್ಜೆಯ ಮಿತಿ ನೆನಪಿದೆಯಲ್ಲ? ಅಲರ್ಜಿ ನಿಮ್ಮ ಮೈಯ ಖಾಸಗಿ ವಿಚಾರ. ಅದನ್ನು ನೀವೇ ನೋಡಿಕೊಳ್ಳಬೇಕು.

ನಾನು ಒಮ್ಮೆ ಇದನ್ನು ಬಿಟ್ಟು ಕೆಟ್ಟೆ. ಯಾರೋ ಕೊಟ್ಟ ಪೆಪ್ಟೈಡ್ ಸೀರಮ್ಮು, ಪುಟ್ಟ ಬಾಟಲಿ. ‘ಇಷ್ಟು ದುಬಾರಿಯದು ಏನು ಮಾಡೀತು’ ಅಂದುಕೊಂಡು ರಾತ್ರಿ ಇಡೀ ಮುಖಕ್ಕೆ ಸವರಿದೆ. ಮೂರನೇ ದಿನ ಕಣ್ಣಿನ ರೆಪ್ಪೆ ಊದಿತು, ಕೆನ್ನೆಯಲ್ಲಿ ತುರಿಕೆ. ಸರಿಹೋಗಲು ವಾರವೇ ಹಿಡಿಯಿತು. ತಪ್ಪು ಪೆಪ್ಟೈಡಿನದಲ್ಲ, ಪರಿಮಳದ್ದು ಅಂತ ಆಮೇಲೆ ಗೊತ್ತಾಯಿತು. ಹೀರೋ ಅಮಾಯಕ, ಪಕ್ಕದ ಪಾತ್ರಧಾರಿ ಕೈಕೊಟ್ಟಿದ್ದ.

ಕ್ರಮ ಸರಳ. ಮೊಣಕೈ ಒಳಮಡಿಕೆಯಲ್ಲಿ ಒಂದು ನಾಣ್ಯದಗಲ ಜಾಗ. ದಿನಕ್ಕೆರಡು ಸಲ, ನಿಜವಾಗಿ ಬಳಸುವಷ್ಟೇ ಹಚ್ಚಿ. ಏಳರಿಂದ ಹತ್ತು ದಿನ. ಒಂದೇ ದಿನಕ್ಕೆ ನಿಲ್ಲಿಸಬೇಡಿ, ಅಲರ್ಜಿ ತಡವಾಗಿಯೂ ಬರುತ್ತದೆ. ತೊಳೆದುಹಾಕುವ ಪದಾರ್ಥವಾದರೆ ಮುಖದ ಮೇಲೆ ಎಷ್ಟು ಹೊತ್ತು ಇರುತ್ತದೋ ಅಷ್ಟೇ ಹೊತ್ತು ಬಿಡಿ. ಕೆಂಪು, ತುರಿಕೆ, ಊತ, ಗುಳ್ಳೆ ಕಂಡರೆ ತಕ್ಷಣ ತೊಳೆದು ನಿಲ್ಲಿಸಿ. ರೆಟಿನಾಲ್ ಮತ್ತು ಹಣ್ಣಿನ ಆಮ್ಲಗಳು ಮಾತ್ರ ಸ್ವಲ್ಪ ಚುರುಗುಟ್ಟುವುದು ಸಹಜ.

ಹೆಜ್ಜೆ 6: ದಿನಚರಿಯಲ್ಲಿ ಜಾಗ ಕೊಡಿ

ಇಲ್ಲಿ ಜಾಸ್ತಿ ಹೇಳುವುದಕ್ಕಿಲ್ಲ. ಮುಖ ತೊಳೆದು, ತೆಳುವಾದದ್ದು ಮೊದಲು, ಮಂದವಾದದ್ದು ಆಮೇಲೆ. ಸೀರಂ, ಅದರ ಮೇಲೆ ಮಾಯಿಶ್ಚರೈಸರ್, ಬೆಳಗಾದರೆ ಕೊನೆಗೆ ಸನ್‌ಸ್ಕ್ರೀನ್. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿ, ಇಲ್ಲದಿದ್ದರೆ ಗುಣ ಯಾರದು, ದೋಷ ಯಾರದು ಅಂತ ಗೊತ್ತಾಗುವುದಿಲ್ಲ.

ಗ್ರೋತ್ ಫ್ಯಾಕ್ಟರುಗಳು ಪ್ರೋಟೀನು. ಬಿಸಿ ತಾಗಿದರೆ ಕೆಡುತ್ತವೆ. ಕಿಟಕಿಯ ಬಿಸಿಲಿಗೆ ಇಡಬೇಡಿ. ಅಗಲ ಬಾಯಿಯ ಡಬ್ಬಿಗಿಂತ ಗಾಳಿಯಾಡದ ಪಂಪ್ ವಾಸಿ. ತುಂಬ ಹುಳಿಯಾದ ವಿಟಮಿನ್ ಸಿ, ಆಮ್ಲದ ಸೀರಂ ಇವುಗಳ ಜೊತೆಗೇ ಹಚ್ಚದೆ, ಒಂದನ್ನು ಬೆಳಗ್ಗೆ, ಇನ್ನೊಂದನ್ನು ರಾತ್ರಿ ಮಾಡಿಕೊಳ್ಳಿ. ಸೋರಿಯಾಸಿಸ್ ಇರುವವರು, ಚರ್ಮದ ಕ್ಯಾನ್ಸರ್ ಬಂದು ಹೋದವರು ಕೋಶ ಹೆಚ್ಚಿಸುವ ಈ ಬಗೆಯ ಸೀರಂ ಮುಟ್ಟುವ ಮುಂಚೆ ಚರ್ಮದ ಡಾಕ್ಟರನ್ನು ಕೇಳಲೇಬೇಕು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ದುಬಾರಿ ಸೀರಂ ಹಚ್ಚಿ ಸನ್‌ಸ್ಕ್ರೀನ್ ಬಿಟ್ಟರೆ, ತಳ ಒಡೆದ ಬಿಂದಿಗೆಗೆ ನೀರು ಹೊಯ್ದಂತೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಒಳಚರ್ಮದಲ್ಲಿ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಎಸ್‌ಪಿಎಫ್ 30 ಅಥವಾ ಮೇಲಿನದು, ಧಾರಾಳವಾಗಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಕೊಲಾಜೆನ್ ಹೆಚ್ಚಿಸುವುದಕ್ಕೆ ಹಚ್ಚುವ ಪದಾರ್ಥಗಳಲ್ಲಿ ಒಳ್ಳೆಯ ಪುರಾವೆ ಇರುವುದು ರೆಟಿನಾಲ್ ಸೇರಿದ ವಿಟಮಿನ್ ಎ ಗುಂಪಿನ ರೆಟಿನಾಯ್ಡ್‌ಗಳಿಗೆ. ವಾರಕ್ಕೆ ಎರಡು ಮೂರು ರಾತ್ರಿಯಿಂದ ಶುರುಮಾಡಿ, ಬಟಾಣಿ ಗಾತ್ರದಷ್ಟು. ಗರ್ಭಿಣಿಯರು ಬಳಸಬಾರದು. ಒಂದು ಬಾಟಲಿ ಎಕ್ಸೋಸೋಮ್ ಕೊಳ್ಳುವುದೋ, ಅದೇ ದುಡ್ಡಿನಲ್ಲಿ ಈ ಎರಡನ್ನು ವರ್ಷವಿಡೀ ಬಳಸುವುದೋ ಅಂತ ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಹೆಜ್ಜೆ 7: ಸೂಜಿ ಬಂತು ಅಂದರೆ ಲೆಕ್ಕವೇ ಬೇರೆ

ಗೋಡೆ ದಾಟಿಸಲು ಸುಲಭ ಉಪಾಯ ಗೋಡೆಗೆ ತೂತು ಕೊರೆಯುವುದು. ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು), ಪಿಆರ್‌ಪಿ, ಎಕ್ಸೋಸೋಮ್ ಚುಚ್ಚುಮದ್ದು ಎಲ್ಲ ಇದೇ ದಾರಿಯವು. ಆಗ 500 ಡಾಲ್ಟನ್ ಲೆಕ್ಕ ಅನ್ವಯಿಸುವುದಿಲ್ಲ. ಅದೇ ಲಾಭ, ಅದೇ ಅಪಾಯ. ಒಳ್ಳೆಯದಕ್ಕೆ ತೆರೆದ ಬಾಗಿಲು ಸೋಂಕಿಗೂ ತೆರೆದಿರುತ್ತದೆ.

ಮನೆಯಲ್ಲಿ ಮುಳ್ಳುರುಳೆ ಉಜ್ಜಿಕೊಂಡು ಮೇಲೆ ಸೀರಂ ಸುರಿಯುವ ವೀಡಿಯೊಗಳು ಬೇಕಾದಷ್ಟಿವೆ. ದಯವಿಟ್ಟು ಬೇಡ. ಮುಖಕ್ಕೆ ಹಚ್ಚುವ ಸೀರಂ ಚರ್ಮದೊಳಗೆ ಹೋಗಲು ತಯಾರಾದದ್ದಲ್ಲ, ಅದು ಕ್ರಿಮಿಮುಕ್ತವೂ ಅಲ್ಲ. ಚುಚ್ಚಿದ ಚರ್ಮಕ್ಕೆ ಸಾದಾ ಸೀರಂ ಹಚ್ಚಿ ಒಳಗೆ ಅಲರ್ಜಿಯ ಗಂಟುಗಳೆದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಪಿಆರ್‌ಪಿಯಲ್ಲಿ ನಿಮ್ಮದೇ ರಕ್ತ ತೆಗೆದು, ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ವಾಪಸ್ ಚುಚ್ಚುತ್ತಾರೆ. ನಿಮ್ಮದೇ ರಕ್ತ ಅಂದಮೇಲೆ ಭಯವೇನು ಅನ್ನಬಹುದು. ಭಯ ಸೂಜಿಯದು, ಟ್ಯೂಬಿನದು. ಅಮೆರಿಕದ ನ್ಯೂ ಮೆಕ್ಸಿಕೊದ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ 2018ರಲ್ಲಿ ಇದನ್ನು ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿತು ಅಂತ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಎಕ್ಸೋಸೋಮ್ ಚಿಕಿತ್ಸೆಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲೇ ಜನರನ್ನು ಎಚ್ಚರಿಸಿತು: ಒಪ್ಪಿಗೆ ಪಡೆದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲ ಅಂತ.

ಹಾಗಾದರೆ ಒಪ್ಪಿಗೆ ಪಡೆದ, ಅಸಲಿ ಕೋಶ ಚಿಕಿತ್ಸೆ ಹೇಗಿರುತ್ತದೆ? 2011ರ ಜೂನ್‌ನಲ್ಲಿ ಎಫ್‌ಡಿಎ ಒಪ್ಪಿದ ಲಾವಿವ್ ನೋಡಿ. ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಗಳಿಗೆ ಅದು. ಕಿವಿಯ ಹಿಂದಿನಿಂದ ಚರ್ಮದ ಚೂರು ತೆಗೆದು, ಲ್ಯಾಬಿಗೆ ಕಳಿಸಿ, ನಿಮ್ಮದೇ ಫೈಬ್ರೋಬ್ಲಾಸ್ಟ್‌ಗಳನ್ನು ತಿಂಗಳುಗಟ್ಟಲೆ ಬೆಳೆಸಿ, ವಾರಗಳ ಅಂತರದಲ್ಲಿ ಮೂರು ಸಲ ಚುಚ್ಚುವುದು. ಯಾರಾದರೂ ‘ಸ್ಟೆಮ್ ಸೆಲ್ ಚಿಕಿತ್ಸೆ, ಮಧ್ಯಾಹ್ನದ ಬಿಡುವಿನಲ್ಲಿ ಮುಗಿಯುತ್ತದೆ’ ಅಂದರೆ ಈ ತಿಂಗಳುಗಳ ಲೆಕ್ಕ ಪಕ್ಕದಲ್ಲಿಟ್ಟು ನೋಡಿ.

ಕ್ಲಿನಿಕ್ಕಿನಲ್ಲಿ ಹೀಗೆ ಕೇಳಿ: ಚುಚ್ಚುವವರು ಡಾಕ್ಟರಾ? ಕೋಶ ಅಥವಾ ದ್ರವ ಯಾರದು, ಎಲ್ಲಿ ತಯಾರಾಯಿತು, ಸೀಸೆಯ ಬ್ಯಾಚ್ ನಂಬರ್ ಏನು? ನಿಮ್ಮ ದೇಶದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದೆಯಾ, ಒಪ್ಪಿದ್ದರೆ ಯಾವ ಬಳಕೆಗೆ? ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯುತ್ತಾರಾ? ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಸಂಕೋಚ ಬೇಡ.

ಹೆಜ್ಜೆ 8: ಫೋಟೊ ತೆಗೆದಿಡಿ

ಕನ್ನಡಿ ನಂಬಬೇಡಿ, ದಿನಾ ನೋಡುವ ಮುಖದಲ್ಲಿ ಬದಲಾವಣೆ ಗೊತ್ತಾಗುವುದಿಲ್ಲ. ಶುರುಮಾಡುವ ಮುಂಚಿನ ದಿನ ಒಂದು ಫೋಟೊ. ಅದೇ ಕಿಟಕಿ, ಅದೇ ಹೊತ್ತು, ಮೇಕಪ್ ಇಲ್ಲದೆ, ನಗದೆ. ಆಮೇಲೆ ನಾಲ್ಕು ವಾರಕ್ಕೊಮ್ಮೆ.

ಯಾವುದಕ್ಕೆ ಎಷ್ಟು ಕಾಯಬೇಕು ಅನ್ನುವುದನ್ನು ಚರ್ಮವೇ ನಿರ್ಧರಿಸುತ್ತದೆ. ತೇವ ತುಂಬಿದ ಹೊಳಪು ಒಂದೇ ದಿನದಲ್ಲಿ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಹೊರಚರ್ಮ ಅಡಿಯಿಂದ ಮೇಲಕ್ಕೆ ಒಂದು ಸುತ್ತು ಹೊಸದಾಗಲು ಸುಮಾರು 28 ದಿನ, ವಯಸ್ಸಾದಂತೆ ಇನ್ನೂ ಜಾಸ್ತಿ. ಬಣ್ಣ, ಒರಟುತನ ಇವುಗಳ ಬದಲಾವಣೆಗೆ ಅಷ್ಟಾದರೂ ಬೇಕು. ಒಳಚರ್ಮದ ಕೊಲಾಜೆನ್ ವಿಷಯಕ್ಕೆ ಮೂರು ತಿಂಗಳಿಗೆ ಕಮ್ಮಿ ಮಾತಾಡುವಂತೆಯೇ ಇಲ್ಲ. ‘ಏಳು ದಿನದಲ್ಲಿ ಸುಕ್ಕು ಮಾಯ’ ಅಂದರೆ ಅದು ಬರೀ ತೇವದ ಆಟ.

ಹನ್ನೆರಡನೇ ವಾರದ ಫೋಟೊವನ್ನೂ ಮೊದಲನೆಯದನ್ನೂ ತಾರೀಖು ಮುಚ್ಚಿ, ಮುಖಸ್ತುತಿ ಮಾಡದ ಒಬ್ಬರಿಗೆ ತೋರಿಸಿ. ಯಾವುದು ಮೊದಲಿನದು ಅಂತ ಅವರಿಗೆ ಗೊತ್ತಾಗದಿದ್ದರೆ ಎರಡನೇ ಬಾಟಲಿ ತರಬೇಡಿ.